ಸ್ಲೊವೇನಿಯಾದಲ್ಲಿ ಮನೆಮನೆ ಹೇಳಿಕೆ

ಐವರ್ನಾಡು: ಹೊರಡುವ ಮೊದಲೇ ತಪ್ಪು

ನಾನು ವಿದೇಶಕ್ಕೆ ಹೋಗುವ ಸಂಗತಿ ಅರಂತೋಡಿನ ಅತ್ತೆಗೆ ಗೊತ್ತಾದದ್ದು ನನ್ನ ಫೋನಿನ ಸ್ಟೇಟಸ್ ನೋಡಿ. ಇದೆಷ್ಟು ದೊಡ್ಡ ಅಪರಾಧವೆಂದು ಸುಳ್ಯದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ.

ನಮ್ಮಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ದೂರದ ಪ್ರಯಾಣವಿರಲಿ, ಹತ್ತಿರದವರ ಮನೆಗೆ ಖುದ್ದಾಗಿ ಹೋಗಿ, ಒಳಗೆ ಕೂತು, ಕೊಟ್ಟದ್ದನ್ನು ಕುಡಿದು, ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಹೇಳಿಕೆ ಎನ್ನುತ್ತಾರೆ. ಕಾಗದ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದರೆ ಅದು ಹೇಳಿಕೆಯಲ್ಲ. ಗೇಟಿನ ಹೊರಗೆ ನಿಂತು ಕೂಗಿದರೆ ಅದು ಅರ್ಧ ಹೇಳಿಕೆ, ಹೇಳದೇ ಇರುವುದಕ್ಕಿಂತಲೂ ಕೆಟ್ಟದ್ದು. ಹೇಳಿಕೆ ಸರಿಯಾಗಲಿಲ್ಲವೆಂದು ಸ್ವಂತ ತಮ್ಮನ ಮಗನ ಮದುವೆಗೂ ಹೋಗದೆ, ಅದೇ ದಿನ ಅದೇ ಹೊತ್ತಿಗೆ ಮನೆಯಲ್ಲಿ ಗಂಜಿ ಉಂಡು, ಗಂಜಿ ಉಂಡದ್ದನ್ನು ಊರಿಗೆಲ್ಲ ತಿಳಿಸಿದವರಿದ್ದಾರೆ. ಅಂಥವರಲ್ಲಿ ನನ್ನ ಅಪ್ಪನ ಅಕ್ಕ, ಅಂದರೆ ಅರಂತೋಡಿನ ಅತ್ತೆ, ಮೊದಲ ಸಾಲಿನವರು. ಆ ಮದುವೆ ನನ್ನ ಅಣ್ಣನದ್ದು.

ಇಷ್ಟೆಲ್ಲ ಗೊತ್ತಿದ್ದೂ ನಾನು ವೀಸಾ, ಸ್ವೆಟರ್, ಹತ್ತು ಕಿಲೋ ಕುಚ್ಚಿಲಕ್ಕಿ ಎಂದು ಓಡಾಡುತ್ತ ಅರಂತೋಡಿಗೆ ಹೋಗಲಿಲ್ಲ. ವಿಮಾನದ ಚಿತ್ರ ಹಾಕಿ "ಹೊರಟೆ" ಎಂದು ಸ್ಟೇಟಸ್ ಹಾಕಿದೆ. ಅತ್ತೆ ಅದನ್ನು ನೋಡಿದ್ದಾರೆಂದು ಫೋನು ತೋರಿಸಿತು. ಉತ್ತರ ಬಂದದ್ದು ಅಮ್ಮನ ಮೂಲಕ.

"ಅವಳು ಸ್ಟೇಟಸ್ಸಿನಲ್ಲಿ ಹೋದವಳು, ಸ್ಟೇಟಸ್ಸಿನಲ್ಲೇ ಇರ್ಲಿ ಅಂತ ಹೇಳಿದ್ರು," ಎಂದರು ಅಮ್ಮ. "ನಾನೆಂತ ಮಾಡ್ಲಿ? ನೀನು ಮಾಡಿದ್ದು ನೀನೇ ಉಣ್ಣು."

ನಮ್ಮ ಮನೆಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಪೇಟೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅರೆಭಾಷೆಯಲ್ಲಿ ಅಮ್ಮನ ಮಾತು ಇದಕ್ಕಿಂತ ಖಾರವಾಗಿತ್ತು.

ಪುತ್ತೂರು, ಎರಡನೇ ಮಾಳಿಗೆ

ನಾನು ವೆಬ್ ಡೆವಲಪರ್. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲೆ, ನಾಲ್ಕೇ ಜನರ ಆಫೀಸು ನಮ್ಮದು. ಯಜಮಾನರು ಶ್ರೀಧರಣ್ಣ. ಶಾಮಿಯಾನದವರು, ನರ್ಸರಿಯವರು, ಹೋಮ್‌ಸ್ಟೇಯವರು, ಯಾರಿಗೆ ವೆಬ್‌ಸೈಟ್ ಬೇಕೋ ಅವರಿಗೆಲ್ಲ ಮಾಡಿಕೊಡುತ್ತೇವೆ. ಊರಿನವರಿಗೆ ನನ್ನ ಕೆಲಸ ಏನೆಂದು ಇನ್ನೂ ಅರ್ಥವಾಗಿಲ್ಲ. ಯಾರ ಮನೆಗೆ ಹೋದರೂ ಹಾಳಾದ ಪ್ರಿಂಟರ್ ತಂದು ಮುಂದಿಡುತ್ತಾರೆ.

ಇಚಿಲಂಪಾಡಿಯ ಒಂದು ಹೋಮ್‌ಸ್ಟೇಗೆ ನಾನು ಮಾಡಿದ ವೆಬ್‌ಸೈಟ್ ನೋಡಿ ಸ್ಲೊವೇನಿಯಾದ ಒಬ್ಬ ಹೆಂಗಸು ಅಲ್ಲಿಗೆ ಬಂದಿದ್ದರು. ಹೆಸರು ಅಲೆಂಕಾ. ವಯಸ್ಸು ಅರುವತ್ತು ದಾಟಿದೆ. ತಮ್ಮ ಹಳ್ಳಿಯಲ್ಲಿ ಅಂಚೆ ಹಂಚುತ್ತಿದ್ದು ನಿವೃತ್ತರಾದವರು, ಈಗ ಅಲ್ಲಿನ ಜೇನುಕೃಷಿಕರ ಸಂಘದ ಕಾರ್ಯದರ್ಶಿ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನು ನೋಡಲು ಬಂದವರು ಮೂರು ವಾರ ಉಳಿದು, "ಎಂತ" ಮತ್ತು "ಮಾರಾಯ್ತಿ" ಎಂಬ ಎರಡು ಮಾತು ಕಲಿತು, ಹೋಗುವಾಗ ನಮ್ಮ ಆಫೀಸಿನ ಮೆಟ್ಟಲು ಹತ್ತಿದರು. ಸಂಘಕ್ಕೆ ವೆಬ್‌ಸೈಟ್ ಬೇಕು, ಹಳೆಯ ಲೆಡ್ಜರುಗಳೆಲ್ಲ ಕಂಪ್ಯೂಟರಿಗೆ ಏರಬೇಕು, ಆರು ತಿಂಗಳ ಕೆಲಸ ಉಂಟು ಎಂದರು.

"ಇಲ್ಲೇ ಕೂತು ಮಾಡ್ತಾಳೆ," ಎಂದರು ಶ್ರೀಧರಣ್ಣ.

"ಆಗುವುದಿಲ್ಲ," ಎಂದರು ಅಲೆಂಕಾ. "ಜೇನು ಕಚ್ಚಿಸಿಕೊಳ್ಳದವರು ಜೇನಿನ ವೆಬ್‌ಸೈಟ್ ಮಾಡಬಾರದು."

ಶ್ರೀಧರಣ್ಣ ನನ್ನ ಮುಖ ನೋಡಿದರು. ಕಚ್ಚಿಸಿಕೊಳ್ಳಬೇಕಾದವರು ತಾವಲ್ಲ ಎಂಬ ಸಮಾಧಾನ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಚಪ್ಪಲಿ ಕೊಡುವ ಊರು

ಆ ಹಳ್ಳಿಯ ಹೆಸರಿನಲ್ಲಿ ಐದು ವ್ಯಂಜನಗಳು ಒಂದರ ಮೇಲೊಂದು ಕೂತಿವೆ, ಆದ್ದರಿಂದ ಬರೆಯದೆ ಬಿಡುತ್ತೇನೆ. ಸುತ್ತ ಗುಡ್ಡ, ನಡುವೆ ಹುಲ್ಲುಗಾವಲು, ಒಂದು ಚರ್ಚು, ಒಂದು ಅಂಗಡಿ, ಊರವರೇ ಸೇರಿ ನಡೆಸುವ ಒಂದು ಅಗ್ನಿಶಾಮಕ ಠಾಣೆ. ದಾರಿಯಲ್ಲಿ ಸಿಕ್ಕಿದವರೆಲ್ಲ ಪರಿಚಯವಿಲ್ಲದಿದ್ದರೂ ನಮಸ್ಕಾರ ಹೇಳುತ್ತಾರೆ, ಆದರೆ ನಿಂತು ಮಾತಾಡುವುದಿಲ್ಲ. ಎಲ್ಲಿಗೆ ಹೊರಟೆ, ಏನು ತಂದೆ, ಇಷ್ಟು ಬೇಗ ಯಾಕೆ ವಾಪಸು ಎಂದು ಕೇಳುವವರೇ ಇಲ್ಲ. ಮೊದಲ ವಾರ ನಾನು ಅದೃಶ್ಯಳಾಗಿದ್ದೇನೋ ಎಂಬ ಸಂಶಯ ಬಂತು. ನಾನು ಉಳಿದದ್ದು ಅಲೆಂಕಾ ಅವರ ಮನೆಯಲ್ಲೇ. ಮನೆಯೊಡತಿಯನ್ನು ಬರೇ ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ, ಎರಡನೇ ದಿನಕ್ಕೇ ಅವರು ಅಲೆಂಕಕ್ಕ ಆದರು.

ಅಲೆಂಕಕ್ಕ ನನ್ನನ್ನು ನಾಲ್ಕು ಮನೆಗಳಿಗೆ ಪರಿಚಯಕ್ಕೆಂದು ಕಳಿಸಿದರು. ಮೊದಲನೇ ಮನೆಯ ಬಾಗಿಲಲ್ಲಿ ಬೂಟು ಕಳಚಿದ ಕೂಡಲೇ ಆ ಮನೆಯಾಕೆ ಕಪಾಟಿನಿಂದ ಮೆತ್ತಗಿನ ಉಣ್ಣೆಯ ಚಪ್ಪಲಿ ತೆಗೆದು ನಗುನಗುತ್ತ ಎರಡೂ ಕೈಯಲ್ಲಿ ಕೊಟ್ಟಳು. ನನಗೆ ಮನಸ್ಸು ತುಂಬಿ ಬಂತು. ನಮ್ಮಲ್ಲಿ ಹೆಣ್ಣುಮಗಳೊಬ್ಬಳು ಮೊದಲ ಸಲ ಮನೆಗೆ ಬಂದರೆ ಕುಂಕುಮ ಹಚ್ಚಿ ರವಿಕೆ ಕಣ ಕೊಡುವುದಿಲ್ಲವೇ? ಇಲ್ಲಿ ಚಳಿ ದೇಶ, ರವಿಕೆಯ ಬದಲು ಚಪ್ಪಲಿ. ನಾನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಹಾಕಿಕೊಂಡರೆ ಕೊಳೆಯಾದೀತೆಂದು ಚೀಲಕ್ಕೆ ಹಾಕಿದೆ. ಬರಿಗಾಲಲ್ಲಿ ಒಳಗೆ ಹೋದೆ.

ಎರಡನೇ ಮನೆಯಲ್ಲೂ ಚಪ್ಪಲಿ. ಮೂರು, ನಾಲ್ಕನೆಯದರಲ್ಲೂ ಹಾಗೆಯೇ. ನಾಲ್ಕನೇ ಮನೆಯವರು ಕೊಟ್ಟದ್ದು ನೋಡಿದರೆ ಯಾರೋ ಹಾಕಿ ಸವೆದದ್ದು. ರವಿಕೆ ಕಣವೂ ಕೆಲವು ಸಲ ಹೀಗೆಯೇ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ದಾಟುತ್ತದಲ್ಲ ಎಂದು ಸುಮ್ಮನಾದೆ. ಮನೆಗೆ ಬಂದು ನಾಲ್ಕು ಜೊತೆಯನ್ನೂ ಮೇಜಿನ ಮೇಲೆ ಜೋಡಿಸಿ ಅಮ್ಮನಿಗೆ ಫೋಟೊ ಕಳಿಸಿದೆ. "ಒಳ್ಳೆ ಜನ," ಎಂದು ಅಮ್ಮ ಮೆಚ್ಚಿದರು.

ಅದು ಮನೆಯೊಳಗೆ ನಡೆದಾಡಲು ಅತಿಥಿಗೆ ಕೊಡುವ ಚಪ್ಪಲಿ, ಹೊರಡುವಾಗ ಬಿಟ್ಟು ಬರಬೇಕು ಎಂದು ಗೊತ್ತಾದದ್ದು ಎಷ್ಟೋ ವಾರಗಳ ನಂತರ, ಅಲೆಂಕಕ್ಕ ನನ್ನ ಕೋಣೆಯ ಕಪಾಟು ತೆರೆದಾಗ. ಅವರು ಒಂದೊಂದೇ ಜೊತೆ ಎತ್ತಿ ಇದು ಯಾರದು, ಅದು ಯಾರದು ಎಂದು ಗುರುತಿಸಿ, ಮಂಚದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಲ್ಕು ಮನೆಯವರೂ ಅದು ಭಾರತೀಯರ ಪದ್ಧತಿಯೆಂದು ತಿಳಿದು ಗೌರವದಿಂದ ಸುಮ್ಮನಿದ್ದರಂತೆ.

"ಕೂಡಲೇ ಕೊಟ್ಟು ಬರ್ತೇನೆ," ಎಂದೆ. ಆದರೆ ನಾಚಿಕೆಗೆ ಕಾಲು ಏಳಲಿಲ್ಲ. ಚಪ್ಪಲಿಗಳು ಕಪಾಟಿನಲ್ಲೇ ಉಳಿದವು.

ಜೇನುಮನೆಯ ಆಫೀಸು

ಅಲ್ಲಿ ಜೇನುಪೆಟ್ಟಿಗೆಗಳಿಗೊಂದು ಮನೆಯೇ ಇರುತ್ತದೆ. ಒಂದು ಗೋಡೆಯಲ್ಲಿ ಮೇಲಿಂದ ಕೆಳಗೆ ಪೆಟ್ಟಿಗೆಗಳು, ಪ್ರತಿಯೊಂದರ ಮುಂಭಾಗದ ಹಲಗೆಗೆ ಚಿತ್ರ. ಪ್ರಾಣಿಗಳು ಸೇರಿ ಬೇಟೆಗಾರನ ಹೆಣ ಹೊರುವ ಚಿತ್ರ, ದೆವ್ವವೊಂದು ಹೆಂಗಸಿನ ನಾಲಿಗೆಯನ್ನು ಸಾಣೆಕಲ್ಲಿಗೆ ಹಿಡಿದು ಮಸೆಯುವ ಚಿತ್ರ. ನಾಲಿಗೆಯ ಚಿತ್ರ ನೋಡಿದಾಗಲೆಲ್ಲ ನನಗೆ ಅರಂತೋಡು ನೆನಪಾಗುತ್ತಿತ್ತು. ಅಲೆಂಕಕ್ಕನ ಮನೆಯ ಇಂಟರ್‌ನೆಟ್ಟು ಯಾವ ಪುಣ್ಯದಿಂದಲೋ ಜೇನುಮನೆಯಲ್ಲೇ ಚೆನ್ನಾಗಿ ಸಿಗುತ್ತಿದ್ದದ್ದರಿಂದ ನನ್ನ ಮೇಜನ್ನು ಅಲ್ಲಿಯೇ ಹಾಕಿದರು. ಬೆನ್ನ ಹಿಂದೆ ಲಕ್ಷಾಂತರ ಸಹೋದ್ಯೋಗಿಗಳು ಗುಂಯ್‌ಗುಡುತ್ತಿದ್ದರು.

ದಿನ ಶುರುವಾಗುತ್ತಿದ್ದದ್ದು ಬೆಳಗಿನ ಐದಕ್ಕೆ. ಅಮ್ಮ ಐವರ್ನಾಡಿನ ನಮ್ಮ ಮನೆಯಲ್ಲಿ ರಬ್ಬರ್ ಹಾಲು ತೆಗೆದು, ತಿಂಡಿ ಮುಗಿಸಿ, ಎಂಟೂವರೆಗೆ ಫೋನ್ ಮಾಡುವವರು. ಇಲ್ಲಿ ಆಗ ಐದು ಗಂಟೆಯೆಂದು ಎಷ್ಟು ಸಲ ಹೇಳಿದರೂ, "ಬೆಳಿಗ್ಗೆ ಬೇಗ ಏಳುದು ಒಳ್ಳೇದು," ಎನ್ನುತ್ತಿದ್ದರು. ಅವರ ನಂತರ ಪುತ್ತೂರಿನ ಗಿರಾಕಿಗಳು, ಯಾಕೆಂದರೆ ವಿದೇಶಕ್ಕೆ ಹೋದೆನೆಂದು ಶ್ರೀಧರಣ್ಣ ಅಲ್ಲಿಯ ಕೆಲಸದಿಂದ ಬಿಡುಗಡೆ ಕೊಟ್ಟಿರಲಿಲ್ಲ. ಶಾಮಿಯಾನದ ಹಮೀದಾಕನಿಗೆ ವೆಬ್‌ಸೈಟಿನ ಕೆಂಪು ಸಾಕಾಗುತ್ತಿರಲಿಲ್ಲ.

"ಇದು ಕೆಂಪು ಅಲ್ಲ ಮಾರಾಯ್ತಿ. ನಮ್ಮ ಶಾಮಿಯಾನದ ಕೆಂಪು ಬೇಕು."

"ಇದಕ್ಕಿಂತ ಹೆಚ್ಚು ಕೆಂಪು ಕಂಪ್ಯೂಟರಿನಲ್ಲಿ ಇಲ್ಲ ಹಮೀದಾಕ."

"ಫಾರಿನ್‌ನ ಕಂಪ್ಯೂಟರಿನಲ್ಲೂ ಇಲ್ವಾ?"

ಒಂದು ದಿನ ಜೇನು ರೆಪ್ಪೆಗೇ ಕಚ್ಚಿತು. ಕಣ್ಣು ಬಾತು ಬನ್ಸಿನ ಹಾಗಾಯಿತು. ಆ ಬೆಳಿಗ್ಗೆ ವೀಡಿಯೊ ಕರೆಯಲ್ಲಿ ನನ್ನನ್ನು ಕಂಡ ಹಮೀದಾಕ, "ಯಾರು ಹೊಡೆದದ್ದು? ಹೇಳು, ನಾವು ಬರ್ತೇವೆ," ಎಂದು ಎದ್ದು ನಿಂತರು. ಕೆಂಪಿನ ವಿಷಯ ಆ ದಿನ ಎತ್ತಲಿಲ್ಲ. ಅಲೆಂಕಕ್ಕ ಮಾತ್ರ ನನ್ನ ಕಣ್ಣು ನೋಡಿ, "ಈಗ ನೀನು ಕೆಲಸಕ್ಕೆ ಸೇರಿದೆ," ಎಂದು ಕೈ ಕುಲುಕಿದರು. ವೆಬ್‌ಸೈಟ್ ತೆರೆಯದೆ ಬಿಳಿ ಪರದೆ ಬಂದಾಗಲೆಲ್ಲ ಅವರು ನನ್ನ ಭುಜದ ಮೇಲಿಂದ ಬಗ್ಗಿ, "ಎಂತ ಮಾರಾಯ್ತಿ," ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆಯ ದೋಷವರದಿ ನಾನು ಓದಿಲ್ಲ.

ಒಂದು ಸಲ ಕುಚ್ಚಿಲಕ್ಕಿಯ ಗಂಜಿ ಮಾಡಿ ಕೊಟ್ಟೆ. ಅವರು ಅದಕ್ಕೆ ಎರಡು ಚಮಚ ಜೇನು ಹಾಕಿ ಕಲಸಿ ಚಪ್ಪರಿಸಿದರು. ಉಪ್ಪಿನಕಾಯಿ ಕೈಯಲ್ಲಿ ಹಿಡಿದುಕೊಂಡೇ ನಾನು ಅತ್ತ ತಿರುಗಿದೆ.

ಅರುವತ್ತು ಜನ

ಇಷ್ಟು ಹೊತ್ತು ಹೇಳದೆ ಇಟ್ಟ ಒಂದು ಮಾತಿದೆ. ಅಲೆಂಕಕ್ಕ ಇಷ್ಟು ದೂರದಿಂದ ನನ್ನನ್ನು ಕರೆಸಿದ್ದರ ಹಿಂದೆ ಒಂದು ಹೆದರಿಕೆ ಇತ್ತು.

ಅಗ್ನಿಶಾಮಕ ಠಾಣೆಯ ಮೇಲೆ ಜೇನುಸಂಘದವರು ಬಳಸುವ ಒಂದು ಸಭಾಂಗಣ. ಗೋಡೆಯ ತುಂಬ ಅಜ್ಜಂದಿರ ಕಾಲದ ಚಿತ್ರದ ಹಲಗೆಗಳು. ಅಲೆಂಕಕ್ಕನ ಮದುವೆಯ ಊಟ ನಡೆದದ್ದೂ ಅಲ್ಲಿಯೇ. ವರ್ಷಕ್ಕೊಮ್ಮೆ, ಜೇನು ತೆಗೆಯುವುದೆಲ್ಲ ಮುಗಿದ ಮೇಲೆ, ಸಂಘದವರು ಊರಿಗೆಲ್ಲ ಊಟ ಹಾಕುತ್ತಾರೆ. ಬರುವವರು ವರ್ಷವರ್ಷಕ್ಕೂ ಕಡಿಮೆಯಾಗಿ ಹೋದ ಸಲ ಮೂವತ್ತೆಂಟಕ್ಕೆ ಇಳಿದಿದ್ದರು. ಖಾಲಿ ಸಭಾಂಗಣ ಯಾಕೆಂದು ಕಟ್ಟಡದ ಒಡೆತನವಿದ್ದ ಪಟ್ಟಣದ ಕಚೇರಿಯವರು ಕೇಳಿದ್ದರು. ಈ ವರ್ಷದ ಊಟಕ್ಕೆ ಅರುವತ್ತು ಜನವೂ ಸೇರದಿದ್ದರೆ ಅದನ್ನು ತೂಕ ಇಳಿಸುವ ವ್ಯಾಯಾಮದ ತರಗತಿಗೆ ಕೊಡುತ್ತೇವೆ ಎಂದಿದ್ದರು.

"ವೆಬ್‌ಸೈಟ್ ಮಾಡಿದರೆ ಜನ ಬರ್ತಾರೆ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ," ಎಂದರು ಅಲೆಂಕಕ್ಕ. "ಬರ್ತಾರಲ್ಲ?"

"ಬಾರದೆ ಎಂತ?" ಎಂದೆ. ನನ್ನ ಜಂಬ ಆಗ ಆಕಾಶದಲ್ಲಿತ್ತು. ವೆಬ್‌ಸೈಟ್ ನಿಜಕ್ಕೂ ಚಂದವಾಗಿತ್ತು. ಚಿತ್ರದ ಹಲಗೆಯನ್ನು ಒತ್ತಿದರೆ ಬಾಗಿಲಿನ ಹಾಗೆ ತೆರೆದು ಒಳಗಿನಿಂದ ಜೇನು ಹಾರುತ್ತಿತ್ತು. ಕೆಳಗೊಂದು ಹಳದಿ ಗುಂಡಿ: ಊಟಕ್ಕೆ ಬರುತ್ತೇನೆ. ಅಂಗಡಿ, ಚರ್ಚು, ಬಸ್‌ಸ್ಟ್ಯಾಂಡ್ ಎಲ್ಲ ಕಡೆ ಪೋಸ್ಟರ್ ಅಂಟಿಸಿ, ಅದರಲ್ಲಿ ವೆಬ್‌ಸೈಟಿನ ವಿಳಾಸ ಹಾಕಿದೆವು.

ಮೂರು ವಾರ ಕಳೆಯಿತು. ಊಟಕ್ಕೆ ಹತ್ತು ದಿನ ಇರುವಾಗ ಹೆಸರು ಕೊಟ್ಟವರು ನಾಲ್ಕು ಜನ. ಒಬ್ಬರು ಅಲೆಂಕಕ್ಕ. ಒಬ್ಬಳು ನಾನು. ಮೂರನೆಯವರು ಗುಂಡಿ ಸರಿಯಿದೆಯೇ ಎಂದು ನೋಡಲು ನಾನೇ ಸೃಷ್ಟಿಸಿದ ಶ್ರೀಮತಿ ಟೆಸ್ಟ್ ಟೆಸ್ಟ್. ನಾಲ್ಕನೆಯವರು ಪುತ್ತೂರಿನಿಂದ ಪರೀಕ್ಷಿಸಿದ ಶ್ರೀಧರಣ್ಣ, ಸಸ್ಯಾಹಾರಿ.

ಅಲೆಂಕಕ್ಕ ಈ ಸಲ "ಎಂತ ಮಾರಾಯ್ತಿ" ಎನ್ನಲಿಲ್ಲ. ಹೊರಗೆ ಹೋಗಿ ಖಾಲಿ ಪೆಟ್ಟಿಗೆಯೊಂದನ್ನು ಉಜ್ಜತೊಡಗಿದರು. ಉಜ್ಜಿ ಬೆಳ್ಳಗಾದ ಮೇಲೂ ಉಜ್ಜುತ್ತಿದ್ದರು. ನನಗೆ ಅಳು ಬಂತು. ಇಷ್ಟು ಚಂದದ ಗುಂಡಿಯನ್ನು ಯಾರೂ ಒತ್ತಲಿಲ್ಲವಲ್ಲ ಎಂಬ ಸಿಟ್ಟೂ ಬಂತು.

ಮಾರನೇ ದಿನ ಐದು ಗಂಟೆಗೆ ಅಮ್ಮನಿಗೆ ಎಲ್ಲ ಹೇಳಿಕೊಂಡೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಹೇಳಿಕೆಗೆ ಯಾರು ಹೋದದ್ದು?"

"ಹೇಳಿಕೆ ಎಂತದ್ದು ಅಮ್ಮ? ವೆಬ್‌ಸೈಟ್ ಉಂಟು, ಪೋಸ್ಟರ್ ಉಂಟು."

"ಅದೇ ಕೇಳಿದ್ದು. ಯಾರೂ ಹೋಗ್ಲಿಲ್ಲ, ಅಲ್ವಾ? ಮತ್ತೆ ಯಾರು ಬರ್ತಾರೆ? ನಿನ್ನ ಅತ್ತೆ ಬರ್ತಾರಾ ಹಾಗೆ?"

ಸೀರೆ, ಚಪ್ಪಲಿ, ಜೇನಿನ ನೀರು

ಆ ದಿನವೇ ಇದ್ದ ಒಂದು ಸೀರೆ ಉಟ್ಟು, ಮೇಲೆ ಸ್ವೆಟರ್ ತೊಟ್ಟು, ನಾಲ್ಕು ಜೊತೆ ಚಪ್ಪಲಿ ಚೀಲದಲ್ಲಿ ತುಂಬಿ ಅಲೆಂಕಕ್ಕನನ್ನು ಹೊರಡಿಸಿದೆ. ನಿಯಮಗಳನ್ನು ದಾರಿಯಲ್ಲಿ ಹೇಳಿಕೊಟ್ಟೆ. ಇಬ್ಬರು ಹೋಗಬೇಕು. ಬಾಗಿಲಲ್ಲಿ ನಿಂತು ಹೇಳಬಾರದು. ಕೊಟ್ಟದ್ದನ್ನು ಕುಡಿಯಬೇಕು. ಮನೆಯ ಪ್ರತಿಯೊಬ್ಬರ ಹೆಸರು ಹೇಳಿ, "ಮನೆಯವರೆಲ್ಲ ಬರಬೇಕು" ಎನ್ನಬೇಕು. ಒಬ್ಬರು ಮನೆಯಲ್ಲಿಲ್ಲದಿದ್ದರೆ ಇನ್ನೊಮ್ಮೆ ಹೋಗಬೇಕು.

"ಜನರಿಗೆ ತೊಂದರೆ ಆಗುದಿಲ್ವಾ?" ಎಂದು ಕೇಳಿದರು ಅಲೆಂಕಕ್ಕ.

"ಆಗ್ತದೆ. ಅದಕ್ಕೇ ಬರ್ತಾರೆ."

ಮೊದಲನೇ ಮನೆಯ ಮುದುಕಿ ನಮ್ಮಿಬ್ಬರನ್ನು ಒಳ್ಳೆಯ ಬಟ್ಟೆಯಲ್ಲಿ ಕಂಡದ್ದೇ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಾರು ತೀರಿಹೋದರು?"

"ಯಾರೂ ಹೋಗಲಿಲ್ಲ. ನೀವು ಊಟಕ್ಕೆ ಬರಬೇಕು."

"ಪೋಸ್ಟರ್ ಇದೆಯಲ್ಲ?"

"ಪೋಸ್ಟರೂ ಇದೆ. ನಾವೂ ಬಂದಿದ್ದೇವೆ," ಎಂದರು ಅಲೆಂಕಕ್ಕ. ಆ ಮಾತು ಅವರೇ ಹೊಸೆದದ್ದು. ನನಗೆ ಹೆಮ್ಮೆಯಾಯಿತು. ನಾನು ಚೀಲದಿಂದ ಆ ಮನೆಯ ಚಪ್ಪಲಿ ತೆಗೆದು ಎರಡೂ ಕೈಯಲ್ಲಿ ಕೊಟ್ಟೆ. ಮುದುಕಿ ಅದನ್ನು ನೋಡಿ, ನನ್ನನ್ನು ನೋಡಿ, ನಾನು ಹಿಂದೊಮ್ಮೆ ಮಾಡಿದ ಹಾಗೆಯೇ ಕಣ್ಣಿಗೊತ್ತಿಕೊಂಡಳು.

ಅಂಚೆಯವಳಾಗಿದ್ದ ಅಲೆಂಕಕ್ಕನಿಗೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ನಾಯಿ ಕಚ್ಚುತ್ತದೆ, ಎಲ್ಲ ಬಾಯಿಪಾಠ. ಮನೆಯಿಂದ ಮನೆಗೆ ಹೋದೆವು. ಲಿಂಡನ್ ಹೂವಿನ ಕಷಾಯ ಕೊಟ್ಟರು, ಹಣ್ಣಿನ ಶರಬತ್ತು ಕೊಟ್ಟರು, ಅಡಿಕೆ ಗಾತ್ರದ ಲೋಟಗಳಲ್ಲಿ ಜೇನಿನ ನೀರು ಕೊಟ್ಟರು. ಜೇನಿನ ನೀರು ಬಹಳ ಚೆನ್ನಾಗಿತ್ತು, ಗಂಟಲಲ್ಲಿ ಬೆಚ್ಚಗೆ ಇಳಿಯುತ್ತಿತ್ತು. ನಿಯಮದಂತೆ ಯಾವುದನ್ನೂ ಬೇಡ ಎನ್ನಲಿಲ್ಲ. ಆರನೇ ಮನೆಯಲ್ಲಿ ನಾನು ಅರೆಭಾಷೆಯಲ್ಲೇ ಹೇಳಿಕೆ ಕೊಟ್ಟೆ, ಅವರಿಗೆ ಚೆನ್ನಾಗಿ ಅರ್ಥವಾಯಿತು. ಏಳನೇ ಮನೆಯಲ್ಲಿ ಮನೆಯವರು ಹೊರಗೆ ಹೋಗಿದ್ದರು, ನಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಅದಕ್ಕೇ ಹೇಳಿಕೆ ಕೊಟ್ಟೆ.

"ಅದು ನೀರಲ್ಲ," ಎಂದರು ಅಲೆಂಕಕ್ಕ, ನನ್ನ ತೋಳು ಹಿಡಿದು ಎಬ್ಬಿಸುತ್ತ. "ಸಾರಾಯಿ."

ಅಲ್ಲಿಯವರೆಗೆ ಮದ್ಯ ಮುಟ್ಟದ ವಂಶ ನಮ್ಮದು. ಉಳಿದ ಮನೆಗಳನ್ನು ಮರುದಿನಕ್ಕೆ ಇಟ್ಟೆವು.

ಗುಡ್ಡದ ಮೇಲಿನ ಮನೆ

ಐದು ದಿನದಲ್ಲಿ ಊರೆಲ್ಲ ಮುಗಿಯಿತು, ಒಂದು ಮನೆ ಬಿಟ್ಟು. ಗುಡ್ಡದ ಮೇಲೆ ಒಬ್ಬರೇ ಇರುವ ಯೋಜೆ ಎಂಬವರದ್ದು. ಊರಿನಲ್ಲೇ ಒಳ್ಳೆಯ ಜೇನು ಅವರದಂತೆ. ಆದರೆ ಎಂಟು ವರ್ಷದಿಂದ ಊಟಕ್ಕೆ ಬಂದಿಲ್ಲ, ಅಲೆಂಕಕ್ಕನೊಡನೆ ಮಾತೂ ಅಷ್ಟಕ್ಕಷ್ಟೆ.

"ಅವನಿಗೆ ಕೊಬ್ಬು," ಎಂದರು ಅಲೆಂಕಕ್ಕ. "ಅಲ್ಲಿಗೆ ಬೇಡ."

"ಒಂದು ಮನೆ ಬಿಟ್ಟರೆ ಅದು ಹೇಳಿಕೆ ಅಲ್ಲ ಅಕ್ಕ. ಬಿಟ್ಟ ಮನೆಯದ್ದೇ ಮಾತು ಆಗುದು ಆಮೇಲೆ."

ಏದುಸಿರು ಬಿಡುತ್ತ ಹತ್ತಿದೆವು. ಎತ್ತರದ, ಬಿಳಿ ಮೀಸೆಯ ಮನುಷ್ಯ ಬಾಗಿಲು ತೆರೆದು, ಎರಡು ಜೊತೆ ಚಪ್ಪಲಿ ತಂದಿಟ್ಟರು. ಈ ಸಲ ನಾನು ಹಾಕಿಕೊಂಡೆ. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು. ಅಲೆಂಕಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೊನೆಗೆ ನಾನೇ ಶುರು ಮಾಡಿದೆ. ನನ್ನ ಇಂಗ್ಲಿಷನ್ನು ಅಲೆಂಕಕ್ಕ ಒಲ್ಲದ ದನಿಯಲ್ಲಿ ಅವರ ಭಾಷೆಗೆ ದಾಟಿಸಿದರು.

"ಯೋಜಣ್ಣ, ಶನಿವಾರ ಜೇನುಸಂಘದ ಊಟ ಉಂಟು. ನೀವು ಬರಬೇಕು. ನಿಮ್ಮ ಮನೆಯವರೆಲ್ಲ ಬರಬೇಕು."

ಅವರು ಮೀಸೆ ಸವರಿದರು. "ನನ್ನ ಹೆಸರು ಹೇಳಿ ಕರೆದದ್ದಾ?"

"ಹೌದು."

"ಮೊದಲಿದ್ದ ಕಾರ್ಯದರ್ಶಿ ಪ್ರತಿ ವರ್ಷ ಸೈಕಲ್ ದೂಡಿಕೊಂಡು ಗುಡ್ಡ ಹತ್ತಿ ಬಂದು ಹೇಳಿ ಹೋಗ್ತಿದ್ದ. ಅವನು ಸತ್ತ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರ್ ಬಂತು." ಅವರು ಅಲೆಂಕಕ್ಕನ ಕಡೆ ನೋಡಲಿಲ್ಲ. "ಅದು ಬಸ್‌ಸ್ಟ್ಯಾಂಡಿಗೆ ಹೇಳಿದ್ದು. ನಾನು ಬಸ್‌ಸ್ಟ್ಯಾಂಡ್ ಅಲ್ಲ."

ಇದನ್ನು ನನಗೆ ಅನುವಾದಿಸಬೇಕಾದವರು ಅಲೆಂಕಕ್ಕ. ಪೋಸ್ಟರ್ ಹಾಕಲು ಶುರು ಮಾಡಿದ್ದು ಅವರೇ. ಆಗ ಅವರಿನ್ನೂ ಅಂಚೆಯವಳು. ನಿವೃತ್ತಿಯಾಗುವವರೆಗೆ ವಾರಕ್ಕೆ ಮೂರು ಸಲ ಇದೇ ಬಾಗಿಲಿಗೆ ಬಂದು ಕಾಗದ ಕೊಟ್ಟು ಹೋಗಿದ್ದಾರೆ. ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

"ನಿನಗೆ ಗೊತ್ತಿದೆ ಅಂದುಕೊಂಡಿದ್ದೆ," ಎಂದರು ಅಲೆಂಕಕ್ಕ ಮೆಲ್ಲಗೆ.

"ಗೊತ್ತಿತ್ತು. ನನಗೆ ಓದಲು ಬರುತ್ತದೆ," ಎಂದರು ಯೋಜಣ್ಣ.

ಅವರು ಮಾತಾಡಿದ್ದು ಸ್ಲೊವೇನಿಯಾದ ಭಾಷೆ, ನನಗೆ ಕೇಳಿಸಿದ್ದು ಅರಂತೋಡಿನ ಅತ್ತೆಯ ದನಿ. ಚಿಕ್ಕಂದಿನಲ್ಲಿ ಬೇಸಗೆ ರಜೆ ಪೂರ್ತಿ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ ಹೆಂಗಸು. ಅವರಿಗೂ ಎಲ್ಲ ಗೊತ್ತಿತ್ತು, ಓದಲೂ ಬರುತ್ತಿತ್ತು. ನಾನು ಫೋನಿನಲ್ಲಿ ಊರಿಗೆಲ್ಲ ಹಾಕಿದ ಪೋಸ್ಟರನ್ನು ಅವರೂ ನೋಡಿದ್ದರು, ಅಷ್ಟೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಯೋಜಣ್ಣ ಎದ್ದು ಮೂರು ಸಣ್ಣ ಲೋಟ ತಂದರು. ನಾನು ನನ್ನ ಲೋಟವನ್ನು ಅಲೆಂಕಕ್ಕನ ಕಡೆ ಸರಿಸಿದೆ. ಅವರು ಎರಡನ್ನೂ ಕುಡಿದರು. ಬರುತ್ತೇನೆಂದೂ ಹೇಳದೆ, ಇಲ್ಲವೆಂದೂ ಹೇಳದೆ ಯೋಜಣ್ಣ ನಮ್ಮನ್ನು ಗೇಟಿನವರೆಗೆ ಬಿಟ್ಟು ಹೋದರು.

ಶನಿವಾರ

ಪಟ್ಟಣದ ಕಚೇರಿಯಿಂದ ಬಂದ ಮನುಷ್ಯ ಸಭಾಂಗಣದ ಬಾಗಿಲಲ್ಲಿ ನಿಂತು, ಒಬ್ಬೊಬ್ಬರು ಬಂದ ಹಾಗೆ ಕೈಯಲ್ಲಿದ್ದ ಯಂತ್ರವನ್ನು ಟಿಕ್ ಎನ್ನಿಸುತ್ತಿದ್ದ. ಏಳು ಗಂಟೆಗೆ ಸೂಪು ಬಡಿಸುವುದು, ಅಲ್ಲಿಗೆ ಎಣಿಕೆ ಮುಗಿಯಿತು ಎಂದು ಮೊದಲೇ ಹೇಳಿದ್ದ. ಜನ ಬಂದರು. ಚಪ್ಪಲಿಯ ಮುದುಕಿ ಮಗ, ಸೊಸೆಯರ ಸಮೇತ ಬಂದಳು. ಏಳನೇ ಮನೆಯವರು ನಾಯಿಯನ್ನೂ ಕರೆತಂದರು. ಆ ಮನುಷ್ಯ ನಾಯಿಯನ್ನು ನೋಡಿ ಸ್ವಲ್ಪ ಯೋಚಿಸಿ, ಯಂತ್ರ ಒತ್ತದೆ ಬಿಟ್ಟ. ಒಳಗೆ, ವೆಬ್‌ಸೈಟಿನಲ್ಲಿ ಹೆಸರು ಕೊಟ್ಟವರಿಗೆಂದು ಸಂಘದವರು ಕಟ್ಟುನಿಟ್ಟಾಗಿ ನಾಲ್ಕು ಕುರ್ಚಿ ಕಾದಿರಿಸಿದ್ದರು. ಒಂದರ ಮುಂದೆ ಚಂದದ ಅಕ್ಷರದಲ್ಲಿ ಶ್ರೀಮತಿ ಟೆಸ್ಟ್ ಟೆಸ್ಟ್ ಎಂಬ ಚೀಟಿ, ಪಕ್ಕದಲ್ಲಿ ಹೂವು. ಇನ್ನೊಂದರ ಮುಂದೆ ಪುತ್ತೂರಿನ ಶ್ರೀಧರಣ್ಣನಿಗೆಂದು ಬೇರೆಯೇ ಮಾಡಿದ ಸಸ್ಯಾಹಾರದ ತಟ್ಟೆ.

ಏಳಕ್ಕೆ ಐದು ನಿಮಿಷ ಇರುವಾಗ ಎಣಿಕೆ ಐವತ್ತನಾಲ್ಕು. ಇನ್ನು ಬರುವವರು ಯಾರೂ ಕಾಣಲಿಲ್ಲ. ಅಲೆಂಕಕ್ಕ ಸೂಪಿನ ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು. ನಾನು ಮನಸ್ಸಿನಲ್ಲೇ ಊರಿನ ದೈವಗಳನ್ನೆಲ್ಲ ಕರೆದೆ, ಅವುಗಳಿಗೆ ವೀಸಾ ಬೇಡವಲ್ಲ.

ಕೆಳಗೆ ಗಾಡಿಗಳ ಬಾಗಿಲು ಹಾಕಿದ ಸದ್ದು. ಮೆಟ್ಟಲಲ್ಲಿ ಬೂಟುಗಳ ಸದ್ದು. ಮೊದಲು ಕಂಡದ್ದು ಬಿಳಿ ಮೀಸೆ. ಯೋಜಣ್ಣ ಕೋಟು ಹಾಕಿ ಬಂದಿದ್ದರು. ಹಿಂದೆ ಅವರ ತಂಗಿ, ತಂಗಿಯ ಗಂಡ, ಅವರ ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು. ಯೋಜಣ್ಣನೂ ಸೇರಿ ಹನ್ನೊಂದು ಜನ, ಎರಡು ಗಾಡಿ; ತಂಗಿಯ ಮನೆಯವರು ಬಂದದ್ದು ನಾನು ಹೆಸರೂ ಕೇಳದ ಊರಿನಿಂದ.

ಟಿಕ್ ಟಿಕ್ ಟಿಕ್ ಎಂದಿತು ಯಂತ್ರ. ಅರುವತ್ತೈದು.

"ಮನೆಯವರೆಲ್ಲ ಬರಬೇಕು ಅಂದೆಯಲ್ಲ," ಎಂದರು ಯೋಜಣ್ಣ ನನ್ನ ಹತ್ತಿರ ಬಂದು. "ಇಷ್ಟೇ ಇರುವುದು."

ನಮ್ಮಲ್ಲಿ ಅದು ಹೇಳಿಕೆಯ ವಾಡಿಕೆಯ ಮಾತು, ಇಬ್ಬರು ಬಂದರೆ ಸಾಕೆಂದೇ ಎಲ್ಲರೂ ತಿಳಿಯುವುದು. ನಾನದನ್ನು ಅವರಿಗೆ ಹೇಳಲಿಲ್ಲ. ಅಲೆಂಕಕ್ಕ ಸೌಟು ಬಿಟ್ಟು ಬಂದು, ಎಲ್ಲರ ಎದುರು, ಅವರ ಎರಡೂ ಕೈ ಹಿಡಿದುಕೊಂಡರು. ತಂಗಿಯನ್ನು ಶ್ರೀಮತಿ ಟೆಸ್ಟ್ ಟೆಸ್ಟ್ ಅವರ ಕುರ್ಚಿಯಲ್ಲಿ ಕೂರಿಸಿದೆವು. ಆಕೆ ಆ ರಾತ್ರಿಯೆಲ್ಲ ಆ ಹೆಸರಿಗೆ ಓಗೊಟ್ಟಳು. ಶ್ರೀಧರಣ್ಣನ ಊಟವನ್ನು ನಾಯಿ ಮುಗಿಸಿತು.

ಮುಂದಿನ ಸಭೆಯಲ್ಲಿ ಹಾಗಾದರೆ ವೆಬ್‌ಸೈಟ್ ಯಾಕೆ ಎಂಬ ಪ್ರಶ್ನೆ ಎದ್ದಿತು. ಉತ್ತರ ಕೊಟ್ಟದ್ದು ಯೋಜಣ್ಣ: ಯಾರ ಮನೆಗೆ ಇನ್ನೂ ಹೋಗಿಲ್ಲ ಎಂದು ನೆನಪಿಸುವುದಕ್ಕೆ. ನಾನು ಹಳದಿ ಗುಂಡಿ ಕಿತ್ತು ಹಾಕಿ ಊರಿನ ಎಲ್ಲ ಮನೆಗಳ ಒಂದು ನಕ್ಷೆ ಮಾಡಿದೆ. ಯಾರಾದರೂ ಹೋಗಿ, ಕೂತು, ಕುಡಿದು, ಹೇಳಿ ಬಂದರೆ ಆ ಮನೆಯ ಕಿಟಕಿಯಲ್ಲಿ ದೀಪ ಹತ್ತುತ್ತದೆ. ನಾನು ಬರೆದದ್ದರಲ್ಲೆಲ್ಲ ನನಗೆ ಇಷ್ಟವಾದ ಕೆಲಸ ಅದು. ನಕ್ಷೆಯನ್ನು ನೋಡುವಾಗ ಇನ್ನೊಂದು ಮನೆ ಕತ್ತಲಲ್ಲಿದೆ ಎಂದು ನನಗೆ ಗೊತ್ತಿತ್ತು. ಅದು ಆ ನಕ್ಷೆಯಲ್ಲಿರಲಿಲ್ಲ.

ಅರಂತೋಡು

ಮಂಗಳೂರಿನಲ್ಲಿ ಇಳಿದು ಐವರ್ನಾಡಿಗೆ ಹೋಗದೆ, ಪುತ್ತೂರು, ಸುಳ್ಯ ದಾಟಿ ನೇರ ಅರಂತೋಡಿಗೆ ಹೋದೆ. ಸೂಟ್‌ಕೇಸಿಗೆ ವಿಮಾನದ ಚೀಟಿಗಳು ಇನ್ನೂ ಅಂಟಿಕೊಂಡಿದ್ದವು. ಅತ್ತೆ ಜಗಲಿಯಲ್ಲಿ ಕೂತು ಮುಳ್ಳುಸೌತೆ ಹೆಚ್ಚುತ್ತಿದ್ದರು. ನನ್ನನ್ನು ನೋಡಿದರು, ಮತ್ತೆ ಸೌತೆಯನ್ನು ನೋಡಿದರು.

ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಎದುರು ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅತ್ತೆ, ನಾನು ವಿದೇಶಕ್ಕೆ ಹೋಗುದು ಉಂಟು. ನಿಮಗೆ ಹೇಳಿ ಹೋಗುವ ಅಂತ ಬಂದೆ."

ಕತ್ತಿ ನಿಂತಿತು. ಅತ್ತೆ ಸೂಟ್‌ಕೇಸನ್ನೂ ಚೀಟಿಗಳನ್ನೂ ನಿಧಾನವಾಗಿ ನೋಡಿದರು.

"ಯಾವಾಗ ಹೋಗುದು?"

"ಆರು ತಿಂಗಳ ಹಿಂದೆ."

"ಹ್ಞೂಂ." ಇನ್ನೆರಡು ಹೋಳು ಹೆಚ್ಚಿದರು. "ಸಮಯ ಉಂಟಲ್ಲ ಹಾಗಾದ್ರೆ. ಕಾಪಿ ಕುಡಿದು ಹೋಗು."

ಕಾಪಿ ಕುಡಿದೆ. ಅವರಿಗೆಂದು ತಂದ ಉಣ್ಣೆಯ ಚಪ್ಪಲಿ ಕೊಟ್ಟೆ. ಆ ಸೆಕೆಯಲ್ಲೂ ಕಾಲಿಗೆ ಹಾಕಿಕೊಂಡು ಅಡುಗೆಮನೆಗೂ ಜಗಲಿಗೂ ಎರಡು ಸಲ ಓಡಾಡಿದರು. ಹೊರಡುವಾಗ ಹಣೆಗೆ ಕುಂಕುಮ ಇಟ್ಟು ರವಿಕೆ ಕಣ ಕೈಗಿತ್ತರು. ನಾನು ಕಾಲು ಮುಟ್ಟಿದೆ. ಗೇಟಿನವರೆಗೆ ಬಂದು ಹೇಳಿದರು: "ಜಾಗ್ರತೆ ಹೋಗಿ ಬಾ. ಮುಟ್ಟಿದ ಕೂಡಲೇ ಫೋನ್ ಮಾಡು."

ಐವರ್ನಾಡಿಗೆ ಮುಟ್ಟಿದೆ. ಮನೆಯಲ್ಲಿ ಕರೆಂಟ್ ಇರಲಿಲ್ಲ, ಫ್ಯಾನು ನಿಂತಿತ್ತು, ಅಮ್ಮ ಅಡಿಕೆ ಹಾಳೆಯ ಮುಟ್ಟಾಳೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು ಮೊದಲು ಅರಂತೋಡಿಗೆ ಫೋನ್ ಮಾಡಿದೆ.

"ಅತ್ತೆ, ಮುಟ್ಟಿದೆ."

"ಒಳ್ಳೇದಾಯ್ತು," ಎಂದರು ಅತ್ತೆ. "ಅಲ್ಲಿ ಚಳಿ ಉಂಟಾ?"

"ಉಂಟು ಅತ್ತೆ," ಎಂದೆ, ಬೆವರು ಒರೆಸಿಕೊಳ್ಳುತ್ತ. "ತುಂಬಾ ಉಂಟು."